ಗಂಗೋತ್ರಿಯಲ್ಲಿ ಓದೋಕೆ: ಬಸ್ಸು, ರೂಮು, ಪಿಜಿ, ಹಾಸ್ಟೆಲ್ – ಯಾವುದಕ್ಕೆ ಯಾವ ಸ್ಕಾಲರ್‌ಶಿಪ್ ಹೊಂದುತ್ತದೆ?

ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸಾದ ಮಾನಸಗಂಗೋತ್ರಿಯಲ್ಲಿ ಎಂಎ, ಎಂಎಸ್ಸಿ ಸೀಟು ಸಿಕ್ಕ ನಮ್ಮ ಕಡೆಯ ಹುಡುಗಿಯರು ಫೋನ್ ಮಾಡಿದರೆ ಎರಡೇ ಪ್ರಶ್ನೆ. ಅಕ್ಕಾ, ಯಾವ ಸ್ಕಾಲರ್‌ಶಿಪ್ ಹಾಕಲಿ? ಅಕ್ಕಾ, ಎಲ್ಲಿ ಇರಲಿ? ನನ್ನ ಪ್ರಕಾರ ಇದು ಎರಡಲ್ಲ, ಒಂದೇ ಪ್ರಶ್ನೆ. ನೀವು ಎಲ್ಲಿ ಇರುತ್ತೀರಿ ಅನ್ನೋದರ ಮೇಲೆ ಯಾವ ಸ್ಕಾಲರ್‌ಶಿಪ್ ಸಿಗುತ್ತದೆ, ಸಿಕ್ಕ ದುಡ್ಡು ಏನಾಗುತ್ತದೆ ಅನ್ನೋದು ನಿಂತಿದೆ.

ನಾನು ಹುಣಸೂರು ಕಡೆಯವಳು. 2023ರಲ್ಲಿ ಎಂಎಸ್ಸಿಗೆ ಸೇರಿದೆ. ಮೊದಲು ಊರಿಂದಲೇ ಓಡಾಡಿದೆ. ಆಮೇಲೆ ಕ್ಯಾಂಪಸ್ ಪಕ್ಕದ ಪಡುವಾರಹಳ್ಳಿಯಲ್ಲಿ ರೂಮು, ಪರೀಕ್ಷೆ ಹೊತ್ತಲ್ಲಿ ಒಂದಷ್ಟು ದಿನ ಪಿಜಿ, ಎರಡನೇ ವರ್ಷ ಸರ್ಕಾರಿ ಹಾಸ್ಟೆಲ್. ಪಿಯುಸಿ ಅಂಕದ ಮೇಲೆ ಬಂದ ಕೇಂದ್ರದ ಮೆರಿಟ್ ಸ್ಕಾಲರ್‌ಶಿಪ್ ನನ್ನದು. ರೂಮಲ್ಲಿ ಜೊತೆಗಿದ್ದ ಕೊಳ್ಳೇಗಾಲದ ಗೆಳತಿಯದು ರಾಜ್ಯ ಸರ್ಕಾರದ ವಿದ್ಯಾಸಿರಿ. ಹಾಗಾಗಿ ಎರಡನ್ನೂ ಹತ್ತಿರದಿಂದ ನೋಡಿದ್ದೇನೆ.

ಮೊದಲು ಓಡಾಟ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಅಲ್ಲಿಂದ ಹುಡುಗಿಯರಿಗೆ ಇದು ನಿಜವಾದ ಒಂದು ಆಯ್ಕೆ ಆಗಿಬಿಟ್ಟಿತು. ಹುಣಸೂರು ರಸ್ತೆ ಪಡುವಾರಹಳ್ಳಿ ಪಕ್ಕದಲ್ಲೇ ಹಾದು ಹೋಗುತ್ತದೆ, ಇಳಿದರೆ ಕ್ಯಾಂಪಸ್ಸಿಗೆ ನಡೆದೇ ಹೋಗಬಹುದು. ಆಧಾರ್ ತೋರಿಸಿದರೆ ಟಿಕೆಟ್ ಸೊನ್ನೆ. ಬಾಡಿಗೆ ಇಲ್ಲ, ಊಟ ಮನೆಯದು. ಲೆಕ್ಕದಲ್ಲಿ ಇದನ್ನು ಮೀರಿಸುವ ಆಯ್ಕೆಯೇ ಇಲ್ಲ ಅನಿಸುತ್ತದೆ, ಅಲ್ವಾ? ನನ್ನ ಅಪ್ಪನಿಗೂ ಹಾಗೇ ಅನಿಸಿತ್ತು.

ಆದರೆ ಊರಿಂದ ಹುಣಸೂರು, ಅಲ್ಲಿಂದ ಸುಮಾರು 45 ಕಿಲೋಮೀಟರ್ ಮೈಸೂರು. ಬೆಳಿಗ್ಗೆ ಬಸ್ಸಲ್ಲಿ ಕಾಲೇಜಿನವರು, ಕೆಲಸಕ್ಕೆ ಹೋಗುವವರು ಎಲ್ಲಾ ಸೇರಿ ನಿಲ್ಲೋಕೂ ಜಾಗ ಇರುವುದಿಲ್ಲ. ಸಂಜೆ ಲ್ಯಾಬ್ ಮುಗಿಯುವುದೇ ಐದಕ್ಕೆ. ಮನೆ ಸೇರಿ ಕೈಕಾಲು ತೊಳೆದು ಕೂರುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಗಂಗೋತ್ರಿಯ ಲೈಬ್ರರಿ ಅಂದರೆ ನನಗೆ ಆಗ ಎರಡು ಕ್ಲಾಸಿನ ನಡುವೆ ಹೋಗಿ ಪುಸ್ತಕ ಬದಲಾಯಿಸಿ ಬರುವ ಜಾಗ, ಅಷ್ಟೇ. ಎಂಎ ಓದುವವರಿಗೆ, ಮಧ್ಯಾಹ್ನಕ್ಕೇ ಕ್ಲಾಸು ಮುಗಿಯುವವರಿಗೆ ಓಡಾಟ ನಡೆದೀತು. ಲ್ಯಾಬ್ ಇರುವವರಿಗೆ ನಾನು ಹೇಳುವುದಿಲ್ಲ. ಇನ್ನು ಹುಡುಗರಿಗೆ ಟಿಕೆಟ್ಟೂ ಫ್ರೀ ಇಲ್ಲ, ಪಾಸ್ ಮಾಡಿಸಬೇಕು. ಅವರ ಲೆಕ್ಕವೇ ಬೇರೆ.

ಪಡುವಾರಹಳ್ಳಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಕೊನೆಗೆ ಎಲ್ಲರೂ ಬಂದು ಬೀಳುವುದು ಇಲ್ಲಿಗೇ. ಹೆಸರಲ್ಲಿ ಮಾತ್ರ ಅಲ್ಲ, ಇವತ್ತಿಗೂ ಅದು ಊರ ನಡುವಿನ ಹಳ್ಳಿ. ಸಣ್ಣ ಸಣ್ಣ ಬೀದಿ, ಮನೆ ಮೇಲೆ ಮನೆ, ಆ ಮೇಲಿನ ಮನೆಗಳಲ್ಲೆಲ್ಲಾ ವಿದ್ಯಾರ್ಥಿಗಳು. ಒಂದು ಕಡೆ ಹುಣಸೂರು ರಸ್ತೆ, ಇನ್ನೊಂದು ಕಡೆ ಗಂಗೋತ್ರಿ. ಪಕ್ಕದ ಜಯಲಕ್ಷ್ಮೀಪುರಕ್ಕೋ ಗೋಕುಲಕ್ಕೋ ಹೋದರೆ ಬಾಡಿಗೆ ಕೇಳೋದೇ ಬೇಡ. ಗೋಕುಲದಲ್ಲಿ ಯೋಗ ಕಲಿಯೋಕೆ ಬರುವ ವಿದೇಶಿಯರ ಲೆಕ್ಕದಲ್ಲಿ ಬಾಡಿಗೆ ಇರುತ್ತದೆ, ನಮ್ಮ ಲೆಕ್ಕದಲ್ಲಿ ಅಲ್ಲ.

ನಾವು ಮೂವರು ಸೇರಿ ಮಹಡಿ ಮೇಲಿನ ಒಂದು ರೂಮು ಹಿಡಿದೆವು. ಶೀಟ್ ಸೂರು, ಒಂದು ಅಡುಗೆ ಕಟ್ಟೆ, ಹೊರಗೆ ಬಾತ್‌ರೂಮು. ನನ್ನ ಪಾಲಿಗೆ ತಿಂಗಳಿಗೆ ಸುಮಾರು 2,200 ಬಾಡಿಗೆ. ಗ್ಯಾಸು, ಅಕ್ಕಿ, ತರಕಾರಿ, ಕರೆಂಟು ಎಲ್ಲಾ ಸೇರಿ ಇನ್ನೆರಡು ಸಾವಿರ. ಊರಿಂದ ರಾಗಿ ಹಿಟ್ಟು, ಹುರುಳಿ ಬರುತ್ತಿತ್ತು, ಅದಕ್ಕೇ ಅಷ್ಟರಲ್ಲಿ ಮುಗಿಯುತ್ತಿತ್ತು. ಓನರ್ ಆಂಟಿ ರಾತ್ರಿ ಹತ್ತಕ್ಕೆ ಗೇಟು ಹಾಕುತ್ತಿದ್ದರು. ಊರಿಂದ ಯಾರಾದರೂ ಬಂದು ಒಂದು ರಾತ್ರಿ ಉಳಿದರೆ ಮರುದಿನ ನೀರಿನ ಮಾತು ಬರುತ್ತಿತ್ತು. ಮೋಟರ್ ಹಾಕುವ ಹೊತ್ತಿಗೆ ಬಕೆಟ್ ತುಂಬಿಸಿಕೊಳ್ಳದಿದ್ದರೆ ಆ ದಿನ ಸ್ನಾನಕ್ಕೆ ಕೈಮುಗಿದ ಹಾಗೆ. ಬೇಸಿಗೆಯಲ್ಲಿ ಆ ಶೀಟಿನ ಕೆಳಗೆ ಮಧ್ಯಾಹ್ನ ಕೂತು ಓದೋಕೆ ಆಗುವುದಿಲ್ಲ. ಹಾಗಾಗಿ ಎಲ್ಲರೂ ಲೈಬ್ರರಿಗೆ ಓಡುತ್ತಿದ್ದೆವು, ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು. ಓದು ಆಗಿದ್ದು ಈ ಕಾಲದಲ್ಲೇ. ಅದನ್ನು ಸುಮ್ನೆ ತಳ್ಳಿಹಾಕಲಾರೆ.

ಸ್ಕಾಲರ್‌ಶಿಪ್ ಲೆಕ್ಕ ಬಿಚ್ಚಿಕೊಂಡಿದ್ದೂ ಇದೇ ರೂಮಿನಲ್ಲಿ. ಗೆಳತಿಯದು ವಿದ್ಯಾಸಿರಿ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಊಟ–ವಸತಿ ಸಹಾಯ ಅದು: ಆಗ ತಿಂಗಳಿಗೆ 1,500ರ ಹಾಗೆ 10 ತಿಂಗಳಿಗೆ 15,000 ಇತ್ತು. ಸರ್ಕಾರಿ ಹಾಸ್ಟೆಲ್ ಸೀಟು ಸಿಗದೆ ಹೊರಗೆ ಇರುವವರಿಗೆ ಮಾತ್ರ. ಹಾಸ್ಟೆಲ್ ಸೇರಿದರೆ ವಿದ್ಯಾಸಿರಿ ಇಲ್ಲ. ನನ್ನದು ಕಾಲೇಜು, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಕೇಂದ್ರ ಶಿಕ್ಷಣ ಸಚಿವಾಲಯ ಕೊಡುವ ಸ್ಕಾಲರ್‌ಶಿಪ್. ಡಿಗ್ರಿಯಲ್ಲಿ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ ಬಂದರೆ 20,000. ಪಿಯುಸಿಯಲ್ಲಿ 80 ಪರ್ಸೆಂಟೈಲ್‌ಗಿಂತ ಮೇಲಿರಬೇಕು. 80 ಪರ್ಸೆಂಟ್ ಅಲ್ಲ, ಬೋರ್ಡಿನಲ್ಲಿ ನಿಮ್ಮ ಗುಂಪಿನಲ್ಲಿ ಪಾಸಾದವರ ಪೈಕಿ ಮೇಲಿನ ಐದನೇ ಒಂದು ಭಾಗದಲ್ಲಿ ಇರಬೇಕು. ಮನೆ ಆದಾಯ 4.5 ಲಕ್ಷದ ಒಳಗೆ. ಪ್ರತಿ ವರ್ಷ ನವೀಕರಿಸಬೇಕು, ಅದಕ್ಕೆ 50 ಪರ್ಸೆಂಟ್ ಅಂಕ, 75 ಪರ್ಸೆಂಟ್ ಹಾಜರಿ.

20,000 ದೊಡ್ಡದು, 15,000 ಚಿಕ್ಕದು ಅಂತ ನೋಡಿದರೆ ಲೆಕ್ಕ ತಪ್ಪುತ್ತದೆ. ಕೇಂದ್ರದ ಮೆರಿಟ್ ತಗೊಂಡರೆ ರಾಜ್ಯದ ಬೇರೆ ಸ್ಕಾಲರ್‌ಶಿಪ್ಪಾಗಲಿ, ಶುಲ್ಕ ವಿನಾಯಿತಿಯಾಗಲಿ, ಶುಲ್ಕ ಮರುಪಾವತಿಯಾಗಲಿ ತಗೊಳ್ಳುವ ಹಾಗಿಲ್ಲ ಅಂತ ನಿಯಮದಲ್ಲೇ ಇದೆ. ಗೆಳತಿಗೆ ವಿದ್ಯಾಸಿರಿ ಜೊತೆ ಶುಲ್ಕ ವಿನಾಯಿತಿಯೂ ಇತ್ತು. ಎರಡನ್ನೂ ಕೂಡಿದರೆ ಅವಳ ಕೈಯೇ ಮೇಲು. ಅದರಲ್ಲೂ ಪೇಮೆಂಟ್ ಸೀಟಲ್ಲಿ, ಅಂದರೆ ಜಾಸ್ತಿ ಫೀಸಿನ ಸೀಟಲ್ಲಿ ಇರುವವರು ಫೀಸಿನ ಭಾಗವನ್ನು ಮೊದಲು ನೋಡಿ, ನಗದನ್ನು ಆಮೇಲೆ. ನನ್ನ ಕೇಳಿದರೆ ಒಳ್ಳೆ ರ‍್ಯಾಂಕ್ ತೆಗೆದು ಜನರಲ್ ಮೆರಿಟ್ ಸೀಟು ಹೊಡೆಯೋದೇ ಮೊದಲನೇ ಸ್ಕಾಲರ್‌ಶಿಪ್. ಅದಕ್ಕೆ ಅರ್ಜಿ ಹಾಕುವ ಕೆಲಸವೂ ಇಲ್ಲ.

ಇಲ್ಲಿ ಇನ್ನೊಂದು ವಿಷಯ. ಸ್ಕಾಲರ್‌ಶಿಪ್ ಬರುವುದು ತಿಂಗಳಿಗೊಮ್ಮೆ ಅಲ್ಲ, ಇಡಿಗಂಟಾಗಿ. ಅರ್ಜಿ, ವಿಭಾಗದ ಪರಿಶೀಲನೆ, ಮೇಲಿನ ಹಂತದ ಪರಿಶೀಲನೆ, ಆಮೇಲೆ ಖಾತೆಗೆ. ಅಷ್ಟಾಗುವಾಗ ತಿಂಗಳುಗಳೇ ಕಳೆದಿರುತ್ತವೆ. ಬಾಡಿಗೆ ಮಾತ್ರ ಪ್ರತಿ ತಿಂಗಳು 5ನೇ ತಾರೀಖಿಗೆ. ಮೊದಲ ವರ್ಷ ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಅಡ್ವಾನ್ಸು, ಬಾಡಿಗೆ ಕೊಟ್ಟರು. ಸ್ಕಾಲರ್‌ಶಿಪ್ ಬಂದ ವಾರವೇ ಬಡ್ಡಿ ಸಮೇತ ಸಂಘಕ್ಕೆ ಹೋಯಿತು. ಪಾಸ್‌ಬುಕ್ಕಲ್ಲಿ ಒಂದು ಸಾಲು ಬಂತು, ಅದರ ಕೆಳಗಿನ ಸಾಲಲ್ಲೇ ಹೋಯಿತು. ಮೆರಿಟ್ ದುಡ್ಡಲ್ಲಿ ಓದಿಗೆ ಅಂತ ಒಂದು ಪೆನ್ನೂ ಬರಲಿಲ್ಲ.

ಪಿಜಿ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಸರಸ್ವತಿಪುರಂ ಕಡೆ ಮೂರು ಜನರ ರೂಮಿಗೆ ಊಟ ಸೇರಿ ತಿಂಗಳಿಗೆ ಆರೂವರೆ ಸಾವಿರದ ಆಸುಪಾಸು ಕೊಟ್ಟೆ. ವೈಫೈ, ಬಿಸಿನೀರು, ಅಡುಗೆ ಕೆಲಸ ಇಲ್ಲ. ಪರೀಕ್ಷೆ ಸಮಯಕ್ಕೆ ಹಾಯಾಗಿತ್ತು. ವರ್ಷಪೂರ್ತಿ ಇದ್ದರೆ ಹತ್ತು ತಿಂಗಳಿಗೆ 65,000. ಆಗಿನ ವಿದ್ಯಾಸಿರಿ ಅದರ ಕಾಲು ಭಾಗಕ್ಕೂ ಬರುತ್ತಿರಲಿಲ್ಲ, ನನ್ನ 20,000 ಮೂರನೇ ಒಂದು ಭಾಗಕ್ಕೂ ಇಲ್ಲ. ಮನೆಯವರು ಕೊಡಬಲ್ಲರೇ? ಇರಿ. ಸ್ಕಾಲರ್‌ಶಿಪ್ ನಂಬಿ ಪಿಜಿ ಸೇರಬೇಡಿ.

ಪಿಜಿಯನ್ನೂ ತೂಗಿಸುವ ಸ್ಕಾಲರ್‌ಶಿಪ್ ನನಗೆ ಗೊತ್ತಿರುವ ಮಟ್ಟಿಗೆ ಒಂದೇ ಒಂದು: ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಯುಜಿಸಿ ಕೊಡುವ ರಾಷ್ಟ್ರೀಯ ಸ್ಕಾಲರ್‌ಶಿಪ್. ತಿಂಗಳಿಗೆ 15,000, ವರ್ಷಕ್ಕೆ 10 ತಿಂಗಳು, ಅಂದರೆ ಒಂದೂವರೆ ಲಕ್ಷ. ಇಡೀ ದೇಶಕ್ಕೆ 10,000 ಜನ, ಅದರಲ್ಲಿ 30 ಪರ್ಸೆಂಟ್ ಹುಡುಗಿಯರಿಗೆ. ಡಿಗ್ರಿ ಅಂಕದ ಮೇಲೆ ಆಯ್ಕೆ. ಹೊಸದಾಗಿ ಅರ್ಜಿ ಹಾಕೋಕೆ ಆಗುವುದು ಸ್ನಾತಕೋತ್ತರ ಮೊದಲ ವರ್ಷದಲ್ಲಿ ಮಾತ್ರ, ಆ ವರ್ಷ ತಪ್ಪಿದರೆ ತಪ್ಪಿದಂತೆಯೇ. ನನಗೆ ಸಿಗಲಿಲ್ಲ. ಡಿಗ್ರಿಯಲ್ಲಿ 90ರ ಮೇಲಿರುವವರು ಬೇರೆ ಎಲ್ಲಾ ಬದಿಗಿಟ್ಟು ಮೊದಲು ಇದನ್ನು ಹಾಕಿ.

ಈಗ ಹಾಸ್ಟೆಲ್. ಇದರಲ್ಲಿ ಎರಡು ಬಗೆ, ಹೊಸಬರು ಒಂದೇ ಅಂದುಕೊಳ್ಳುತ್ತಾರೆ. ವಿಶ್ವವಿದ್ಯಾಲಯದ ಹಾಸ್ಟೆಲ್ ಕ್ಯಾಂಪಸ್ಸಿನ ಒಳಗೇ ಇದೆ. ಲ್ಯಾಬ್, ಲೈಬ್ರರಿ ಎಲ್ಲಾ ನಡೆದು ಹೋಗುವ ದೂರ. ಆದರೆ ಊಟದ ಖರ್ಚನ್ನು ತಿಂಗಳ ಕೊನೆಗೆ ತಲೆಗಿಷ್ಟು ಅಂತ ಹಂಚುವ ಡಿವೈಡಿಂಗ್ ಪದ್ಧತಿ, ಕೈಯಿಂದ ಕಟ್ಟಬೇಕು. ಸರ್ಕಾರಿ ಹಾಸ್ಟೆಲ್ಲಲ್ಲಿ ಊಟ, ವಸತಿ ಎರಡೂ ಉಚಿತ. ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ ಪ್ರವರ್ಗ, ಆದಾಯದ ಜೊತೆ ಅಂಕವೂ ಲೆಕ್ಕಕ್ಕೆ ಬರುತ್ತದೆ. ಮೊದಲ ವರ್ಷ ನನ್ನ ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಎರಡನೇ ವರ್ಷ ಬಂತು.

ಕಷ್ಟ ಇಲ್ಲ ಅಂತಲ್ಲ. ಒಂದು ರೂಮಿಗೆ ಎಂಟು ಮಂಚ. ಬೆರಳು ಒತ್ತಿ ಹಾಜರಿ ಹಾಕಬೇಕು. ಒಬ್ಬಳು ಕೆಪಿಎಸ್‌ಸಿಗೆ ಜೋರಾಗಿ ಓದುತ್ತಿದ್ದರೆ ಇನ್ನೊಬ್ಬಳು ಮನೆಗೆ ಫೋನು, ಮತ್ತೊಬ್ಬಳಿಗೆ ಲೈಟ್ ಆರಬೇಕು. ಸೋಮವಾರದ ಉಪ್ಪಿಟ್ಟನ್ನು ನಾವು ಕಾಂಕ್ರೀಟ್ ಅಂತಲೇ ಕರೆಯುತ್ತಿದ್ದೆವು. ಕ್ಯಾಂಪಸ್ಸಿಗೆ ಸಿಟಿ ಬಸ್ಸು ಹಿಡಿಯಬೇಕಿತ್ತು, ಶಕ್ತಿ ಇದ್ದಿದ್ದರಿಂದ ಅದಕ್ಕೆ ಖರ್ಚಿರಲಿಲ್ಲ. ಇಷ್ಟೆಲ್ಲಾ ಇದ್ದರೂ ಆ ವರ್ಷ ಮನೆಯಿಂದ ತಿಂಗಳಿಗೆ ಐನೂರು ಆರುನೂರಕ್ಕಿಂತ ಜಾಸ್ತಿ ತರಿಸಿಕೊಳ್ಳಲಿಲ್ಲ. ಕೇಂದ್ರದ ನಿಯಮದಲ್ಲಿ ಹೇಳಿರುವುದು ಬೇರೆ ಸ್ಕಾಲರ್‌ಶಿಪ್, ಶುಲ್ಕ ವಿನಾಯಿತಿ, ಮರುಪಾವತಿ ಬಗ್ಗೆ. ಹಾಗಾಗಿ ಹಾಸ್ಟೆಲ್ಲಲ್ಲಿದ್ದುಕೊಂಡೇ ಮೆರಿಟ್ ನವೀಕರಿಸಿದೆ. ಈ ಸಲ ಬಂದ 20,000 ಯಾವ ಸಾಲಕ್ಕೂ ಹೋಗಲಿಲ್ಲ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಒಂದನ್ನು ಕೊಂಡೆ, ಪ್ರಾಜೆಕ್ಟ್ ಪೂರ್ತಿ ಅದರಲ್ಲೇ ಬರೆದೆ.

ಹಾಗಾಗಿ ನನ್ನ ಮಟ್ಟಿಗೆ ಸರ್ಕಾರಿ ಹಾಸ್ಟೆಲ್ ಸೀಟು ಜೊತೆಗೆ ಕೇಂದ್ರದ ಮೆರಿಟ್, ಇದೇ ಮೊದಲ ಸ್ಥಾನ. ರೂಮು ಬಾಡಿಗೆಗೆ ಹಿಡಿಯುವುದಾದರೆ ವಿದ್ಯಾಸಿರಿ ಜೊತೆಗೆ ಶುಲ್ಕ ವಿನಾಯಿತಿ. ಗೆಳತಿ ಒಪ್ಪುವುದಿಲ್ಲ. ಎಂಟು ಜನರ ನಡುವೆ ಓದೋಕಾಗದೆ ರ‍್ಯಾಂಕ್ ಹೋದರೆ ಆ ಉಳಿತಾಯ ಯಾರಿಗೆ ಬೇಕು ಅನ್ನುತ್ತಾಳೆ. ಅವಳಿಗೆ ನನಗಿಂತ ಜಾಸ್ತಿ ಅಂಕ ಬಂದಿದ್ದೂ ನಿಜ. ಮೌನ ಬೇಕೇ ಬೇಕು ಅನ್ನುವವರು ಅವಳ ಮಾತು ಕೇಳಿ.

ಉಳಿದವು ಚಿಲ್ಲರೆ. ಪರಿಶಿಷ್ಟ ಜಾತಿ, ಪಂಗಡದವರು ಡಿಗ್ರಿಯನ್ನು ಮೊದಲ ಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಮುಗಿಸಿದ್ದರೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನಕ್ಕೆ ಅರ್ಜಿ ಹಾಕೋದು ಮರೆಯಬೇಡಿ, ಅದು ಬೇರೆಯೇ ದುಡ್ಡು. ಯುವನಿಧಿಯ 3,000ಕ್ಕೆ ಆಸೆ ಪಡಬೇಡಿ, ಮುಂದೆ ಓದುವವರಿಗೆ ಅದು ಇಲ್ಲ. ಘಟಿಕೋತ್ಸವದಲ್ಲಿ ಕೊಡುವ ದತ್ತಿ ಬಹುಮಾನ, ಪದಕಗಳು ಗೌರವಕ್ಕೆ. ಕ್ರಾಫರ್ಡ್ ಹಾಲಿನಲ್ಲಿ ಫೋಟೋ ಚೆನ್ನಾಗಿ ಬರುತ್ತದೆ, ಬಾಡಿಗೆ ಕಟ್ಟೋಕಾಗುವುದಿಲ್ಲ.

ಹುಡುಗರಿಗೆ ಒಂದು ಮಾತು. ಸರ್ಕಾರಿ ಸೀಟು ಸಿಗದಿದ್ದರೆ ಮಠದ ಹಾಸ್ಟೆಲ್, ಸಮುದಾಯದ ಹಾಸ್ಟೆಲ್‌ಗಳನ್ನು ವಿಚಾರಿಸಿ. ಮೈಸೂರಲ್ಲಿ ಈ ಸಂಪ್ರದಾಯ ಹಳೆಯದು. ಕುವೆಂಪು ವಿದ್ಯಾರ್ಥಿಯಾಗಿದ್ದಾಗ ಇದ್ದಿದ್ದು ರಾಮಕೃಷ್ಣ ಆಶ್ರಮದಲ್ಲಿ. ಮುಂದೆ ಕುಲಪತಿಯಾಗಿ ಈ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರೂ ಅವರೇ.

ಯಾವುದನ್ನೇ ಆರಿಸಿ, ಕಾಗದದ ಕೆಲಸ ಮೊದಲು ಮುಗಿಸಿ. ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ನಾಡಕಚೇರಿಯದು. ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಆಧಾರ್‌ನಲ್ಲೂ ಹಾಗೇ ಇರಬೇಕು. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ತಕರಾರು. ದಾಖಲೆಗಳನ್ನು ಅಧಿಕಾರಿಯಿಂದ ಆನ್‌ಲೈನಲ್ಲಿ ದೃಢೀಕರಿಸಿಕೊಳ್ಳುವ ಇ–ಅಟೆಸ್ಟೇಷನ್‌ಗೆ ಕೊನೆ ವಾರದವರೆಗೆ ಕಾಯಬೇಡಿ, ಆಗ ಸಾಲು ಮೆಟ್ಟಿಲವರೆಗೂ ಇರುತ್ತದೆ. ದುಡ್ಡು ಬರುವುದು ನೀವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ನಮ್ಮ ಹಾಸ್ಟೆಲ್ಲಿನ ಒಬ್ಬಳು ಸಿಮ್ ಕೊಳ್ಳೋಕೆ ಹೋದಲ್ಲಿ ಫ್ರೀ ಖಾತೆಯೊಂದನ್ನು ತೆರೆದು ಮರೆತಿದ್ದಳು. ಸ್ಕಾಲರ್‌ಶಿಪ್ ಬಂದಿಲ್ಲ ಅಂತ ತಿಂಗಳುಗಟ್ಟಲೆ ಅಲೆದಳು. ಅದು ಆ ಖಾತೆಯಲ್ಲೇ ಕೂತಿತ್ತು. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ಆಧಾರ್ ವೆಬ್‌ಸೈಟಿನಲ್ಲಿ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಅರ್ಜಿ ಹಾಕುವ ಮೊದಲು ಅದನ್ನೊಮ್ಮೆ ನೋಡಿಕೊಳ್ಳಿ.