ನೋಡುತ್ತಿರುವ ಪುಟವೇ ‘ಅಪ್‌ಡೇಟ್ ಮಾಡಿ’ ಎಂದು ಕೇಳಿದರೆ ನಂಬಬೇಡಿ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಲ್ಲಿ ಪಂಚಾಯತಿನ ರಸ್ತೆ, ಚರಂಡಿ ಕಾಮಗಾರಿಗಳನ್ನು ಗುತ್ತಿಗೆ ಹಿಡಿಯುವ ನನ್ನ ಭಾವನವರ ಕಚೇರಿಯ ಕಂಪ್ಯೂಟರಿನಲ್ಲಿದ್ದ ಬಿಲ್ಲುಗಳು, ಅಳತೆ ಪುಸ್ತಕದ ಸ್ಕ್ಯಾನ್ ಪ್ರತಿಗಳು, ಜಿಎಸ್‌ಟಿ ಲೆಕ್ಕ, ಹಳೆಯ ಟೆಂಡರು ಕಡತಗಳು ಎಲ್ಲವೂ ಒಂದು ಮಧ್ಯಾಹ್ನ ತೆರೆಯಲಾಗದಂತಾದವು. ಪ್ರತಿ ಕಡತದ ಹೆಸರಿನ ಕೊನೆಗೆ ಅರ್ಥವಿಲ್ಲದ ಅಕ್ಷರಗಳು ಅಂಟಿಕೊಂಡಿದ್ದವು. ಬಿಟ್‌ಕಾಯಿನ್‌ನಲ್ಲಿ ಹಣ ಕೊಟ್ಟರೆ ಮಾತ್ರ ಬಿಡಿಸಿಕೊಡುತ್ತೇವೆ ಎಂಬ ಒಕ್ಕಣೆ ಪರದೆಯ ಮೇಲಿತ್ತು. ಒಳಗೆ ಬಂದದ್ದು ಬ್ರೌಸರಿನ ಪ್ಲಗ್‌ಇನ್‌ಗೆಂದು (ಬ್ರೌಸರಿಗೆ ಜೋಡಿಸುವ ಪೂರಕ ತಂತ್ರಾಂಶ) ತೋರಿಸಿದ ನಕಲಿ ಅಪ್‌ಡೇಟ್. ಅದನ್ನು ನಂಬುವಂತೆ ಮಾಡಿದ್ದು, ಎಷ್ಟೋ ಹಿಂದೆಯೇ ನಿಲ್ಲಿಸಿಟ್ಟ ಅಸಲಿ ಅಪ್‌ಡೇಟ್. ಇದೇ ಸ್ಥಿತಿಯ ಕಂಪ್ಯೂಟರುಗಳನ್ನು ಬದಿಯಡ್ಕ, ಕುಂಬಳೆ ಕಡೆಯ ಬೇರೆ ಕಚೇರಿಗಳಲ್ಲೂ ಕಂಡಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಇ-ಟೆಂಡರು ಬಂದ ಮೇಲೆ ಗುತ್ತಿಗೆದಾರರಿಗೆ ಡಿಜಿಟಲ್ ಸಹಿ ಅನಿವಾರ್ಯವಾಯಿತು. ಆ ಸಹಿ ಹಾಕಲು ಹಲವು ವರ್ಷ ಬ್ರೌಸರಿನಲ್ಲಿ ಜಾವಾ ಪ್ಲಗ್‌ಇನ್ ಇರಲೇಬೇಕಿತ್ತು. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಜಾವಾ ಪ್ಲಗ್‌ಇನ್‌ಗೆ ಬಾಗಿಲು ಮುಚ್ಚಿದ್ದರಿಂದ ಜನ ಇಂಟರ್ನೆಟ್ ಎಕ್ಸ್‌ಪ್ಲೋರರನ್ನೇ ಹಿಡಿದುಕೊಂಡು ಕುಳಿತರು. ಜಾವಾದ ಹೊಸ ಆವೃತ್ತಿ ಬಂದಾಗಲೆಲ್ಲ ಭದ್ರತಾ ನಿಯಮ ಬಿಗಿಯಾಗಿ, ಸಹಿಯ ಪುಟ ಕೆಲಸ ಮಾಡದೆ ಹಟ ಹಿಡಿಯುವುದೂ ಇತ್ತು. ಟೆಂಡರಿನ ಕೊನೆಯ ದಿನ ಹೀಗಾದರೆ ಯಾರಿಗಾದರೂ ಕೈಕಾಲು ಬೀಳುತ್ತದೆ. ಆಗ ಬಂದ ಕಂಪ್ಯೂಟರ್ ಅಂಗಡಿಯ ಹುಡುಗ ಜಾವಾದ ಭದ್ರತಾ ಮಟ್ಟ ಇಳಿಸಿ, ಅದರ ಅಪ್‌ಡೇಟನ್ನೂ ವಿಂಡೋಸಿನ ಅಪ್‌ಡೇಟನ್ನೂ ನಿಲ್ಲಿಸಿ, “ಇನ್ನು ಅಪ್‌ಡೇಟ್ ಕೊಡ್ಲಿಕ್ಕೆ ಹೋಗ್ಬೇಡಿ ಭಟ್ರೇ, ಕೊಟ್ರೆ ಸೈನ್ ಆಗುದಿಲ್ಲ” ಎಂದು ಹೇಳಿ ಹೋದ. ಮುಂದೆ ಆ ಸಹಿಗೆ ಪ್ಲಗ್‌ಇನ್ ಬೇಡದ ಬೇರೆ ತಂತ್ರಾಂಶ ಬಂತು. ನಿಲ್ಲಿಸಿದ ಅಪ್‌ಡೇಟನ್ನು ಮತ್ತೆ ಶುರು ಮಾಡಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಯಂತ್ರದಲ್ಲಿದ್ದ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿತ್ತು.

ಅನಾಹುತದ ಬಳಿಕ ಕಂಟ್ರೋಲ್ ಪ್ಯಾನೆಲ್ ತೆರೆದು ನೋಡಿದರೆ ಒಂದರ ಕೆಳಗೊಂದು ಜಾವಾ: ಒಂದು ಆರನೆಯ ಆವೃತ್ತಿ, ಎರಡು ಏಳನೆಯದು. ಹೊಸದು ಹಾಕಿದರೆ ಹಳೆಯದು ತಾನಾಗಿ ಹೋಗುತ್ತದೆ ಎಂದು ನಾವು ಭಾವಿಸುತ್ತೇವೆ. ಬಹಳ ಕಾಲ ಹಾಗಿರಲಿಲ್ಲ. ಜಾವಾದ ಅಪ್‌ಡೇಟ್ ತನಗಿಂತ ನೇರ ಹಿಂದಿನ ಆವೃತ್ತಿಯನ್ನಷ್ಟೇ ತೆಗೆದು, ಅದಕ್ಕೂ ಹಳೆಯವನ್ನು ಹಾಗೆಯೇ ಬಿಡುತ್ತಿತ್ತು ಎಂಬ ಕಾರಣಕ್ಕೆ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್, ಜಾವಾ ತಯಾರಿಸುವ ಒರಾಕಲ್ ಕಂಪನಿಯ ಮೇಲೆ ದೂರು ಹೊರಿಸಿ, 2015ರ ಡಿಸೆಂಬರಿನಲ್ಲಿ ಅದನ್ನು ರಾಜಿಗೆ ತಂದಿತು. ಆದ್ದರಿಂದ ಅಪ್‌ಡೇಟ್ ಆಯಿತು ಎಂದಷ್ಟಕ್ಕೆ ಸುಮ್ಮನಾಗದೆ, ಹಳೆಯದು ನಿಜಕ್ಕೂ ಹೋಗಿದೆಯೇ ಎಂದು ಪಟ್ಟಿಯಲ್ಲಿ ನೋಡಬೇಕು.

ದೋಷ ಸರಿಪಡಿಸಿದ ಅಪ್‌ಡೇಟ್ ಹೊರಬಂದ ಮೇಲೆ ಅದನ್ನು ಹಾಕಿಕೊಳ್ಳದ ಯಂತ್ರದ ಅಪಾಯ ಮೊದಲಿಗಿಂತ ಹೆಚ್ಚುತ್ತದೆ ಎಂಬುದು ಅಂಗಡಿಯವರಿಗೂ ಹೊಳೆದಿರುವಂತೆ ಕಾಣುವುದಿಲ್ಲ. ಹಳೆಯ ಕೋಡ್ ಮತ್ತು ಹೊಸ ಕೋಡ್ ಹೋಲಿಸಿ ನೋಡಿದವನಿಗೆ ತೂತು ಎಲ್ಲಿತ್ತು ಎಂಬುದು ತಿಳಿದುಹೋಗುತ್ತದೆ. 2013ರ ಜನವರಿಯಲ್ಲಿ ಜಾವಾ 7ರ ಒಂದು ದೋಷವನ್ನು ದುಷ್ಕರ್ಮಿಗಳು ಆಗಲೇ ಬಳಸುತ್ತಿದ್ದುದರಿಂದ ಒರಾಕಲ್ ತುರ್ತಾಗಿ ‘ಅಪ್‌ಡೇಟ್ 11’ ಹೊರಡಿಸಿ, ಪೂರ್ವನಿಯೋಜಿತ ಭದ್ರತಾ ಮಟ್ಟವನ್ನು ‘ಮೀಡಿಯಂ’ನಿಂದ ‘ಹೈ’ಗೆ ಏರಿಸಿತು. ನಮ್ಮ ಅಂಗಡಿಯವನು ಕಷ್ಟಪಟ್ಟು ಇಳಿಸಿದ್ದು ಇದೇ ಮಟ್ಟವನ್ನು.

ಈಗ ಆ ಮಧ್ಯಾಹ್ನದ ವಿಷಯಕ್ಕೆ ಬರುತ್ತೇನೆ. ಲೆಕ್ಕ ಬರೆಯುವ ಹುಡುಗ ಯಾವುದೋ ದರಪಟ್ಟಿಯ ಪಿಡಿಎಫ್ ಹುಡುಕುತ್ತಿದ್ದಾಗ, ತೆರೆದ ಪುಟದ ನಡುವೆ ಕೆಂಪು ಗುರುತಿನೊಡನೆ ‘ನಿಮ್ಮ ಫ್ಲ್ಯಾಶ್ ಪ್ಲೇಯರ್ ಹಳೆಯದಾಗಿದೆ’ ಎಂಬ ಇಂಗ್ಲಿಷ್ ಸೂಚನೆ ಬಂತು. ಫ್ಲ್ಯಾಶ್ ಎಂದರೆ ಬ್ರೌಸರಿನಲ್ಲಿ ವಿಡಿಯೊ, ಆಟ ಓಡಿಸುತ್ತಿದ್ದ ಅಡೋಬಿ ಕಂಪನಿಯ ಪ್ಲಗ್‌ಇನ್. ಆ ಯಂತ್ರದಲ್ಲಿ ಎಲ್ಲವೂ ಹಳೆಯದೇ ಆಗಿದ್ದುದರಿಂದ ಅವನಿಗೆ ಸಂಶಯ ಬರಲಿಲ್ಲ. ಇಳಿಸಿಕೊಂಡ ಕಡತ ಒತ್ತಿದಾಗ ವಿಂಡೋಸ್ ಹಳದಿ ಪಟ್ಟಿಯ ಕಿಟಕಿ ತೆರೆದು, ತಯಾರಕರ ಹೆಸರಿನ ಜಾಗದಲ್ಲಿ ‘ಅನ್‌ನೋನ್’ ಎಂದು ತೋರಿಸಿತ್ತಂತೆ. ಅಡೋಬಿಯ ಅಸಲಿ ಕಡತವಾಗಿದ್ದರೆ ಅಲ್ಲಿ ಅಡೋಬಿಯ ಹೆಸರಿರಬೇಕಿತ್ತು. ಕಚೇರಿಯ ಸುತ್ತೋಲೆ ಮಲಯಾಳದಲ್ಲಿ, ಪರದೆಯ ಎಚ್ಚರಿಕೆ ಇಂಗ್ಲಿಷಿನಲ್ಲಿ ಬರುವ ಊರಿನಲ್ಲಿ ಓದದೆ ‘ಯೆಸ್’ ಒತ್ತುವ ಅಭ್ಯಾಸ ಬೆಳೆದದ್ದಕ್ಕೆ ನಾನು ಆ ಹುಡುಗನನ್ನು ದೂರುವುದಿಲ್ಲ.

ಫ್ಲ್ಯಾಶಿಗೆ ಇನ್ನು ಅಪ್‌ಡೇಟ್ ಎಂಬುದೇ ಇಲ್ಲ. ಅಡೋಬಿ 2017ರ ಜುಲೈಯಲ್ಲೇ ಮುನ್ಸೂಚನೆ ಕೊಟ್ಟು, 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರಿನಲ್ಲಿ ಏನೂ ಓಡದಂತೆ ತಡೆಯಿತು. ಇಂದು ಯಾವ ಪುಟವಾದರೂ ಫ್ಲ್ಯಾಶ್ ಅಪ್‌ಡೇಟ್ ಕೇಳಿದರೆ ಅದು ಮೋಸವೇ. ಹಳೆಯ ತಂತ್ರವಿದು: 2017ರ ಅಕ್ಟೋಬರಿನಲ್ಲಿ ರಷ್ಯಾ, ಉಕ್ರೇನ್‌ಗಳಲ್ಲಿ ಹಾವಳಿ ಮಾಡಿದ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ‘ಬ್ಯಾಡ್ ರ್‍ಯಾಬಿಟ್’ ಕೂಡ ಫ್ಲ್ಯಾಶ್ ಅಪ್‌ಡೇಟಿನ ವೇಷದಲ್ಲೇ ಬಂದಿತ್ತು.

ಬ್ಯಾಕಪ್‌ಗೆಂದು ಇಟ್ಟ ಹಾರ್ಡ್ ಡಿಸ್ಕ್ ಸದಾ ಯಂತ್ರಕ್ಕೆ ಚುಚ್ಚಿಕೊಂಡೇ ಇದ್ದುದರಿಂದ ಅದೂ ಹೋಯಿತು. ಯುರೋಪೋಲ್ ಮತ್ತಿತರರು 2016ರಲ್ಲಿ ಆರಂಭಿಸಿದ ‘ನೋ ಮೋರ್ ರ್‍ಯಾನ್ಸಮ್’ ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿ ಸಿಗುತ್ತದೆ, ನಮ್ಮದಕ್ಕೆ ಸಿಗಲಿಲ್ಲ. ಹಣ ಕೊಡಲಿಲ್ಲ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಕೊಟ್ಟೆವು. ಬಿಲ್ಲುಗಳ ಪ್ರತಿಗಳನ್ನು ಪಂಚಾಯತು ಕಚೇರಿಯಿಂದ, ಲೆಕ್ಕಿಗರಿಂದ ಒಂದೊಂದಾಗಿ ಕೂಡಿಸಬೇಕಾಯಿತು. ಇದೆಲ್ಲದರ ನಡುವೆ ಮರೆತುಹೋಗುವುದು ಡಿಜಿಟಲ್ ಸಹಿಯ ಟೋಕನ್, ಅಂದರೆ ಸಹಿಯ ಕೀಲಿ ಇರುವ ಯುಎಸ್‌ಬಿ ಕಡ್ಡಿ. ಅದರೊಳಗಿನ ಖಾಸಗಿ ಕೀಲಿಯನ್ನು ನಕಲು ಮಾಡಿಕೊಳ್ಳಲಾಗದು. ಆದರೂ ನಾವು ಒತ್ತುವ ಪಿನ್ ಕದ್ದರೆ, ಟೋಕನ್ ಚುಚ್ಚಿರುವಷ್ಟು ಹೊತ್ತು ನಮ್ಮ ಹೆಸರಿನಲ್ಲಿ ಸಹಿ ಬೀಳಬಹುದು. ಹಾಗಾಗಿ ಹಳೆಯ ಪ್ರಮಾಣಪತ್ರ ರದ್ದುಗೊಳಿಸಿ ಹೊಸದು ಮಾಡಿಸಿದೆವು.

ಅಸಲಿ ದಾರಿಯಲ್ಲಿ ಬರುವ ಅಪ್‌ಡೇಟಿಗೂ ಕಳಂಕ ತಟ್ಟಿದ್ದುಂಟು ಎಂಬ ಆಕ್ಷೇಪ ಸರಿಯೇ. ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಕ್ರೋಮ್ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಕಿರು ತಂತ್ರಾಂಶ) 2020ರಲ್ಲಿ ಕೈಬದಲಾದ ಬಳಿಕ ದುರುದ್ದೇಶದ ಕೋಡ್ ಕಂಡುಬಂದು, 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ಕಿತ್ತುಹಾಕಿತು. ಅದಕ್ಕೆ ಪರಿಹಾರವೆಂದರೆ ಬೇಡದ ಎಕ್ಸ್‌ಟೆನ್ಶನ್‌ಗಳನ್ನು ತೆಗೆದುಹಾಕುವುದು, ಅಪ್‌ಡೇಟ್ ನಿಲ್ಲಿಸುವುದಲ್ಲ. ಬ್ರೌಸರಿನ ಅಪ್‌ಡೇಟ್ ಆಗಿದೆಯೇ ಎಂದು ನೋಡಲು ಅದರ ಮೆನುವಿನಲ್ಲಿ ‘ಅಬೌಟ್’ ತೆರೆದರೆ ಸಾಕು, ಇದ್ದರೆ ಅದೇ ಇಳಿಸಿಕೊಳ್ಳುತ್ತದೆ. ವಿಂಡೋಸಿನದನ್ನು ಅದರ ಸೆಟ್ಟಿಂಗ್ಸ್‌ನಲ್ಲೇ ನೋಡಬೇಕು.

ರಿಪೇರಿಗೆ ಬಂದವರು ಯಾವುದಾದರೂ ಕೆಲಸ ನಡೆಯಲೆಂದು ಅಪ್‌ಡೇಟ್ ನಿಲ್ಲಿಸಿದರೆ, ಏನನ್ನು ನಿಲ್ಲಿಸಿದ್ದೇವೆ, ಯಾವ ಕಾರಣಕ್ಕೆ, ಮತ್ತೆ ಯಾವಾಗ ಶುರು ಮಾಡಬೇಕು ಎಂಬುದನ್ನು ಬಿಲ್ಲಿನ ಹಿಂದೆಯೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಆ ಕೆಲಸವನ್ನು ಬೇರೆ ಅಂಗಡಿಯವರಿಗೆ ಕೊಡಿ.