ಜೆಝಡ್ ಎಂಜಿನ್‌ಗೆ ಮ್ಯಾನ್ಯುಯಲ್ ಗೇರ್‌ಬಾಕ್ಸ್: ಡಬ್ಲ್ಯು58, ಆರ್154, ಸಿಡಿ009 ಹೋಲಿಕೆ

ಟೊಯೊಟಾದ 1ಜೆಝಡ್ ಅಥವಾ 2ಜೆಝಡ್ ಎಂಜಿನ್ನನ್ನು ಬೇರೆ ಕಾರಿಗೆ ಕೂರಿಸುವವರಿಗೆ ಹೆಚ್ಚಾಗಿ ಸಿಗುವುದು ಆಟೋಮ್ಯಾಟಿಕ್ ಕಾರಿನಿಂದ ಇಳಿಸಿದ ಎಂಜಿನ್. ಅದಕ್ಕೆ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಹುಡುಕಲು ಹೊರಟಾಗ ಎಲ್ಲರೂ ಮೊದಲು ಕೇಳುವುದು "ಯಾವುದು ಎಷ್ಟು ಪವರ್ ತಡೆಯುತ್ತೆ?" ಅಂತ. ಮೂರನ್ನೂ ಜೋಡಿಸಿ, ಓಡಿಸಿ ನೋಡಿದ ಮೇಲೆ ನಮಗನ್ನಿಸುವುದು, ಅದು ಎರಡನೇ ಪ್ರಶ್ನೆ. ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಒಂದು ಗೇಣು ಜಾಗದ ಅಳತೆ ಕಾರ್ಖಾನೆಯಲ್ಲೇ ಆಗಿದೆಯೋ, ಇಲ್ಲಾ ನೀವೇ ಅಳೆಯಬೇಕೋ ಎನ್ನುವುದೇ ಮೊದಲ ಪ್ರಶ್ನೆ.

ಡಬ್ಲ್ಯು58 ಮತ್ತು ಆರ್154 ಎರಡೂ ಟೊಯೊಟಾದವೇ, ಎರಡೂ ಐದು ಗೇರಿನವು, ಎರಡರ ಬೆಲ್ ಹೌಸಿಂಗೂ (ಕ್ಲಚ್ಚನ್ನು ಮುಚ್ಚಿ ಬಾಕ್ಸನ್ನು ಎಂಜಿನ್‌ಗೆ ಸೇರಿಸುವ ಗಂಟೆಯಾಕಾರದ ಕವಚ, ಮುಂದೆ ಬರೀ ಬೆಲ್) ಬಿಚ್ಚಿ ಬದಲಿಸುವಂಥದ್ದು. ಟರ್ಬೊ ಇಲ್ಲದ ಸುಪ್ರಾ ಕಾರಿನ 2ಜೆಝಡ್-ಜಿಇ ಜೊತೆ ಡಬ್ಲ್ಯು58 ಬರುತ್ತಿತ್ತು. ಹಿಂದಿನ ತಲೆಮಾರಿನ ಸುಪ್ರಾದ ಟರ್ಬೊ ಎಂಜಿನ್ 1ಜೆಝಡ್-ಜಿಟಿಇ ಜೊತೆ ಆರ್154 ಬರುತ್ತಿತ್ತು. 1ಜೆಝಡ್ ಮತ್ತು 2ಜೆಝಡ್‌ನ ಹಿಂಬದಿಯ ಬೋಲ್ಟ್ ತೂತುಗಳು ಒಂದೇ ಆದ್ದರಿಂದ, ಜೆಝಡ್‌ನದೇ ಬೆಲ್ ಸಿಕ್ಕರೆ ಎರಡು ಎಂಜಿನ್‌ಗೂ ಕೂರುತ್ತದೆ. ಸಿಡಿ009 ನಿಸಾನ್ 350ಝಡ್‌ನ ಆರು ಗೇರಿನ ಬಾಕ್ಸ್. ಅದರ ಬೆಲ್ ಮುಂಭಾಗದ ಕೇಸಿನೊಂದಿಗೆ ಒಂದೇ ಎರಕ. ಜೆಝಡ್‌ಗೆ ತರಬೇಕಾದರೆ ಬೆಲ್ ಕತ್ತರಿಸಿ ತೆಗೆದು ಅಡಾಪ್ಟರ್ ಬೆಲ್ ಕಟ್ಟಬೇಕು. ಗೆಟ್ರಾಗ್‌ನ ವಿ160 ಕೂಡ ಇದೆ, ಆದರೆ ಸಿಗುವುದು ಅಷ್ಟು ಅಪರೂಪವಾದ್ದರಿಂದ ಇಲ್ಲಿ ಬಿಟ್ಟಿದ್ದೇವೆ.

ಮೊದಲು ಹಲ್ಲಿನ ಲೆಕ್ಕ, ಅಂದರೆ ಫಸ್ಟ್‌ನಿಂದ ಟಾಪ್‌ವರೆಗೆ ಒಂದೊಂದು ಗೇರಿನ ಅನುಪಾತ:

ಡಬ್ಲ್ಯು58: 3.285, 1.894, 1.275, 1.000, 0.783
ಆರ್154: 3.251, 1.955, 1.310, 1.000, 0.753
ಸಿಡಿ009: 3.794, 2.324, 1.624, 1.271, 1.000, 0.794

ಕಾಗದದ ಮೇಲೆ ನೋಡಿದರೆ ಆರು ಗೇರಿನದು ಹೈವೇಗೆ ಆರಾಮ ಅನ್ನಿಸುತ್ತದೆ. ನಿಜ ಅದಲ್ಲ. 205/55 ಆರ್16 ಟೈರಿನ ಸುತ್ತಳತೆ ಸುಮಾರು 1.985 ಮೀಟರ್. ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರು, ಚಿಕ್ಕದಾಗಿ ಡಿಫ್) ಅನುಪಾತ 3.7 ಎಂದಿಟ್ಟುಕೊಂಡರೆ, 3000 ಆರ್‌ಪಿಎಂನಲ್ಲಿ ಟಾಪ್ ಗೇರಿನ ವೇಗ ಆರ್154ರಲ್ಲಿ ಗಂಟೆಗೆ 128 ಕಿ.ಮೀ., ಡಬ್ಲ್ಯು58ರಲ್ಲಿ 123, ಸಿಡಿ009ರಲ್ಲಿ 122ರ ಹತ್ತಿರ. ಅಂದರೆ ಆರನೇ ಗೇರು ಆ ಎರಡರ ಐದನೆಯದಕ್ಕಿಂತಲೂ ಚೂರು ಗಿಡ್ಡ. ಫಸ್ಟ್ ಗೇರಿನಲ್ಲಂತೂ ವ್ಯತ್ಯಾಸ ಎದ್ದು ಕಾಣುತ್ತದೆ: 6500 ಆರ್‌ಪಿಎಂಗೆ ಆರ್154 64 ಕಿ.ಮೀ. ವೇಗ ಕೊಟ್ಟರೆ ಸಿಡಿ009 55ಕ್ಕೇ ಮುಗಿಯುತ್ತದೆ. ಟರ್ಬೊ ಎಂಜಿನ್‌ನಲ್ಲಿ ಇದು ಬರೀ ಟೈರ್ ತಿರುಗಿಸಲಷ್ಟೇ ಆಗುತ್ತದೆ. ಡಿಫ್ 3.3 ಮಾಡಿದರೆ ಸಿಡಿ009ರ ಫಸ್ಟ್ 62ರವರೆಗೆ ಏಳುತ್ತದೆ, ಟಾಪ್‌ನಲ್ಲಿ 3000ಕ್ಕೆ 136 ಸಿಗುತ್ತದೆ. ಹಾಗಾಗಿ ಸಿಡಿ009 ಆರಿಸುವವರು ಡಿಫ್ ಅನ್ನೂ ಅದರ ಜೊತೆಗೇ ಲೆಕ್ಕ ಹಾಕಬೇಕು. ಮಾತು ಒಂದೇ ಬಾಕ್ಸಿನದಲ್ಲ.

ಕೈಗೆ ಸಿಗುವ ಅನುಭವದಲ್ಲಿ ಡಬ್ಲ್ಯು58 ಮೂರರಲ್ಲಿ ಮೃದು. ಗೇರು ಬೆಣ್ಣೆಯಂತೆ ಬೀಳುತ್ತದೆ, ಬಾಕ್ಸ್ ಹಗುರ, ಟನಲ್‌ನಲ್ಲಿ (ಕಾರಿನ ನೆಲದ ನಡುವೆ ಬಾಕ್ಸ್ ಕೂರುವ ಉಬ್ಬು) ಜಾಗವೂ ಕಡಿಮೆ ಬೇಕು. ಟರ್ಬೊ ಇಲ್ಲದ 2ಜೆಝಡ್‌ಗೆ ಇದು ಸಾಕು, ಹೆಚ್ಚಿನದು ಬೇಕಿಲ್ಲ. ಟರ್ಬೊ ಹಾಕಿ ಬೂಸ್ಟ್ ಏರಿಸುವ ಯೋಚನೆ ಇದ್ದರೆ ಮಾತ್ರ ಇದನ್ನು ಮುಟ್ಟಬೇಡಿ, ಎರಡು ಸಲ ಕೆಲಸ ಮಾಡಿದಂತಾಗುತ್ತದೆ. ಆರ್154 ಒರಟು, ತಣ್ಣಗಿದ್ದಾಗ ಎರಡನೇ ಗೇರಿಗೆ ತಡೆಯುತ್ತದೆ, ಆದರೆ ಗಟ್ಟಿ. ಅದರ ಹೆಸರುವಾಸಿ ದೌರ್ಬಲ್ಯ ಫಸ್ಟ್ ಗೇರಿನ ಥ್ರಸ್ಟ್ ವಾಷರ್, ಅಂದರೆ ಗೇರು ಹಿಂದೆಮುಂದೆ ಸರಿಯದಂತೆ ತಡೆಯುವ ಉಂಗುರ. ಜೋರಾಗಿ ಕ್ಲಚ್ ಬಿಟ್ಟು ಹೊರಡುವ ಗಾಡಿಗಳಲ್ಲಿ ಅದು ಒಡೆಯುತ್ತದೆ. ಬಾಕ್ಸ್ ಹೇಗೂ ಕೆಳಗಿಳಿದಿರುವಾಗಲೇ ಬಿಚ್ಚಿ ಗಟ್ಟಿ ಉಕ್ಕಿನದು ಹಾಕಿಬಿಡುವುದು ಒಳ್ಳೆಯದು. ಹಳೆಯ ಬಾಕ್ಸ್ ಕೊಳ್ಳುವ ಮುಂಚೆ ಡ್ರೇನ್ ಪ್ಲಗ್ ಬಿಚ್ಚಿ ನೋಡಿ: ಆಯಸ್ಕಾಂತದ ಮೇಲೆ ನುಣ್ಣನೆ ಬೂದು ಪೇಸ್ಟ್ ಇದ್ದರೆ ಸಹಜ, ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಬಿಟ್ಟುಬಿಡಿ.

ಆರ್154 ಬೆಲ್‌ಗಳಲ್ಲಿ ಕ್ಲಚ್ಚನ್ನು ತಳ್ಳುವ ಬಗೆಯೂ ಇದೆ, ಎಳೆಯುವ ಬಗೆಯೂ ಇದೆ. ಬೆಲ್, ಫೋರ್ಕ್, ರಿಲೀಸ್ ಬೇರಿಂಗ್, ಪ್ರೆಶರ್ ಪ್ಲೇಟ್ ನಾಲ್ಕೂ ಒಂದೇ ಜಾತಿಯವಾಗಿರಬೇಕು. ಬಿಡಿಬಿಡಿಯಾಗಿ ಕೊಂಡವರು ಎಡವುವುದು ಇಲ್ಲೇ. ಕ್ಲಚ್ ಪ್ಲೇಟಿನ ವಿಷಯದಲ್ಲಿ ಒಂದು ಸೂತ್ರ ನೆನಪಿಟ್ಟರೆ ಸಾಕು: ಹೊರಗಿನ ವ್ಯಾಸ ಫ್ಲೈವೀಲಿನದು, ನಡುವಿನ ಸ್ಪ್ಲೈನ್ (ಶಾಫ್ಟ್ ಕೂರುವ ಹಲ್ಲುಗಳು) ಗೇರ್‌ಬಾಕ್ಸಿನದು. ಸಿಡಿ009ಕ್ಕೆ ಜೆಝಡ್ ಫ್ಲೈವೀಲ್ ಮೇಲೆ ನಿಸಾನ್ ಸ್ಪ್ಲೈನಿನ ಪ್ಲೇಟ್ ಕೂರುವುದು ಹೀಗೆ.

ಆಟೋಮ್ಯಾಟಿಕ್‌ನಿಂದ ಬಂದ ಎಂಜಿನ್‌ಗೆ ಮೂರು ಬಾಕ್ಸಿಗೂ ಸಮಾನವಾದ ಕೆಲಸಗಳಿವೆ. ಫ್ಲೆಕ್ಸ್ ಪ್ಲೇಟಿನ (ಆಟೋಮ್ಯಾಟಿಕ್‌ನಲ್ಲಿ ಫ್ಲೈವೀಲಿನ ಜಾಗದಲ್ಲಿರುವ ತೆಳು ತಟ್ಟೆ) ಬೋಲ್ಟ್‌ಗಳನ್ನೇ ಫ್ಲೈವೀಲಿಗೆ ಹಾಕಬೇಡಿ. ಫ್ಲೈವೀಲ್ ದಪ್ಪ, ಅದಕ್ಕೆ ಉದ್ದ ಬೋಲ್ಟ್ ಬೇಕು, ಹೊಸದೇ ಬೇಕು. ಕ್ರ್ಯಾಂಕಿನ ಹಿಂದೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ತುದಿಗೆ ಆಧಾರ ಕೊಡುವ ಪೈಲಟ್ ಬೇರಿಂಗ್ ಇರುವುದಿಲ್ಲ, ಅದನ್ನು ಹೊರ ಉಂಗುರದ ಮೇಲಷ್ಟೇ ಒತ್ತಿ ಕೂರಿಸಬೇಕು. ಮರೆತರೆ ಇನ್‌ಪುಟ್ ಶಾಫ್ಟ್ ತುದಿ ಆಧಾರವಿಲ್ಲದೆ ಓಲಾಡುತ್ತದೆ, ಕ್ಲಚ್ ಒತ್ತಿದಾಗ ಗುರುಗುಟ್ಟುವ ಸದ್ದು ಬರುತ್ತದೆ. ಎಂಜಿನ್ನಿನ ಎರಡು ಡೋವೆಲ್ ಪಿನ್‌ಗಳು ಜಾಗದಲ್ಲಿವೆಯೇ ನೋಡಿ. ಬೆಲ್ಲನ್ನು ನಡುವಿಗೆ ತರುವುದು ಡೋವೆಲ್, ಬೋಲ್ಟ್ ಅಲ್ಲ.

ಟೊಯೊಟಾ ಬಾಕ್ಸ್ ಹಾಕುವವರಿಗೆ ಇಷ್ಟಾದರೆ ಮುಕ್ಕಾಲು ಕೆಲಸ ಮುಗಿಯಿತು. ಸಿಡಿ009 ಹಾಕುವವರಿಗೆ ಇಲ್ಲಿಂದ ಶುರು.

ಮೊದಲ ಅಳತೆ ನಡುವಿನದು: ಬೆಲ್ಲಿನ ತೂತು ಕ್ರ್ಯಾಂಕಿನ ನಡುವಿಗೆ ಸರಿಯಾಗಿದೆಯೇ ಎಂದು. ಅಡಾಪ್ಟರ್ ಬೆಲ್ಲನ್ನು ಗೇರ್‌ಬಾಕ್ಸ್ ಇಲ್ಲದೆ ಎಂಜಿನ್‌ಗೆ ಕಟ್ಟಿ. ಡಯಲ್ ಗೇಜಿನ ಆಯಸ್ಕಾಂತದ ಪಾದವನ್ನು ಫ್ಲೈವೀಲಿಗೆ ಅಂಟಿಸಿ, ಗೇಜಿನ ಮೊನೆಯನ್ನು ಗೇರ್‌ಬಾಕ್ಸಿನ ಮೂತಿ ಕೂರುವ ತೂತಿನ ಒಳಗೋಡೆಗೆ ತಾಗಿಸಿ. ಸ್ಪಾರ್ಕ್ ಪ್ಲಗ್ ತೆಗೆದು ಕ್ರ್ಯಾಂಕನ್ನು ಕೈಯಲ್ಲಿ ನಿಧಾನ ಒಂದು ಸುತ್ತು ತಿರುಗಿಸುತ್ತಾ ಮುಳ್ಳನ್ನು ನೋಡಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಓದಿನ ವ್ಯತ್ಯಾಸದ ಅರ್ಧ ನಿಜವಾದ ತಪ್ಪು. ಒಟ್ಟು ಓದು 0.25 ಮಿ.ಮೀ. ದಾಟಬಾರದು. ಉದಾಹರಣೆಗೆ ಮುಳ್ಳು 0.46 ತೋರಿಸಿದರೆ ಬೆಲ್ 0.23 ಮಿ.ಮೀ. ಪಕ್ಕಕ್ಕಿದೆ. ಆಫ್‌ಸೆಟ್ ಡೋವೆಲ್‌ಗಳು (ಬೆಲ್ಲನ್ನು ಪಕ್ಕಕ್ಕೆ ಸರಿಸುವ, ನಡು ತಪ್ಪಿಸಿ ಮಾಡಿದ ಪಿನ್‌ಗಳು) 0.18, 0.36, 0.53 ಮಿ.ಮೀ. ಅಳತೆಯಲ್ಲಿ ಸಿಗುತ್ತವೆ. 0.18ರದ್ದು ಹಾಕಿ, ಮೊನೆ ಹೆಚ್ಚು ಒಳಗೊತ್ತಿದ ದಿಕ್ಕಿಗೆ ಬೆಲ್ ಸರಿಯುವಂತೆ ತಿರುಗಿಸಿದರೆ ಉಳಿಯುವುದು 0.05. ಅದು ಒಳ್ಳೆಯ ಜೋಡಣೆ. ಅಳೆಯುವ ಮುಂಚೆ ಎರಡೂ ಮುಖಗಳ ಪೇಂಟ್ ಕೆರೆದು ತೆಗೆಯಿರಿ, ಕೂದಲೆಳೆ ದಪ್ಪದ ಪೇಂಟೂ ಓದನ್ನು ಕೆಡಿಸುತ್ತದೆ. ಕೆಲವು ಕಿಟ್‌ಗಳಲ್ಲಿ ಈ ಮಧ್ಯದ ತೂತೇ ನಿಖರವಾಗಿ ಕೊರೆದಿರುವುದಿಲ್ಲ, ಬರೀ ಬೋಲ್ಟಿನ ನಂಬಿಕೆ. ಅಳೆಯಲಾಗದ ಕಿಟ್ ಬೇಡವೇ ಬೇಡ. ನಡು ತಪ್ಪಿದ ಬಾಕ್ಸ್ ಮೊದಲ ದಿನ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಪೈಲಟ್ ಬೇರಿಂಗ್ ಸವೆಯುತ್ತದೆ, ಕ್ಲಚ್ ಹಬ್ಬಿನ ಸ್ಪ್ರಿಂಗ್ ಮುರಿಯುತ್ತದೆ, ಹೆಚ್ಚು ಆರ್‌ಪಿಎಂನಲ್ಲಿ ಗೇರು ಬೀಳುವುದಿಲ್ಲ, ಕೊನೆಗೆ ತಪ್ಪು ಸಿಂಕ್ರೊ ರಿಂಗಿನ (ಗೇರು ಬದಲಿಸುವಾಗ ವೇಗ ಹೊಂದಿಸುವ ಉಂಗುರ) ತಲೆಗೆ ಬರುತ್ತದೆ.

ಎರಡನೆಯ ಅಳತೆ ಆಳದ್ದು. ಬೆಲ್ಲಿನ ಮುಖದ ಮೇಲೆ ನೇರ ಪಟ್ಟಿ ಇಟ್ಟು ಪೈಲಟ್ ಬೇರಿಂಗ್‌ವರೆಗಿನ ಆಳ ಅಳೆಯಿರಿ. ಗೇರ್‌ಬಾಕ್ಸಿನಲ್ಲಿ ಅದೇ ಮುಖದಿಂದ ಶಾಫ್ಟ್ ತುದಿಯವರೆಗೆ ಅಳೆಯಿರಿ. ಬೆಲ್ಲಿನಲ್ಲಿ 165, ಶಾಫ್ಟ್ 175 ಬಂದರೆ 10 ಮಿ.ಮೀ. ಒಳಗೆ ಹೋಗುತ್ತದೆ. ತುದಿಯ ಮುಂದೆ ಕನಿಷ್ಠ 3 ಮಿ.ಮೀ. ಖಾಲಿ ಇರಲೇಬೇಕು. ತುದಿ ತಳ ಮುಟ್ಟಿದ್ದರೆ ಬೋಲ್ಟ್ ಬಿಗಿದಷ್ಟೂ ಕ್ರ್ಯಾಂಕ್ ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ, ಎಂಜಿನ್ನಿನ ಥ್ರಸ್ಟ್ ಬೇರಿಂಗ್ ಹಾಳಾಗುತ್ತದೆ. ಬಾಕ್ಸ್ ಯಾವುದೇ ಇರಲಿ, ಕೈಯಲ್ಲಿ ತಳ್ಳಿದಾಗ ಮುಖಕ್ಕೆ ಮುಖ ಕೂರಬೇಕು. 5 ಮಿ.ಮೀ. ಸಂದು ಉಳಿದರೆ ಬೋಲ್ಟಿನಿಂದ ಎಳೆಯಬೇಡಿ, ಕಾರಣ ಹುಡುಕಿ.

ಕಿಟ್ ಜೊತೆ ಶಾಫ್ಟ್ ಸುತ್ತ ಕೂರುವ ಹೈಡ್ರಾಲಿಕ್ ರಿಲೀಸ್ ಬೇರಿಂಗ್ ಬಂದರೆ, ಪೂರ್ತಿ ಒಳಗೊತ್ತಿದ ಬೇರಿಂಗಿಗೂ ಪ್ರೆಶರ್ ಪ್ಲೇಟಿನ ಡಯಾಫ್ರಂ ಸ್ಪ್ರಿಂಗಿನ ಬೆರಳುಗಳಿಗೂ ನಡುವೆ 3ರಿಂದ 5 ಮಿ.ಮೀ. ಬಿಡಿ. 9 ಸಿಕ್ಕರೆ 5ರ ಶಿಮ್ (ಸಂದು ತುಂಬುವ ಬಿಲ್ಲೆ) ಹಾಕಿ. ಪ್ಲೇಟ್ ಸವೆದಂತೆ ಬೆರಳುಗಳು ಬೇರಿಂಗಿನ ಕಡೆಗೇ ಬರುತ್ತವೆ, ಸಂದು ಇಲ್ಲದಿದ್ದರೆ ಕ್ಲಚ್ ಜಾರತೊಡಗುತ್ತದೆ. ಹೆಚ್ಚಾದರೆ ಪಿಸ್ಟನ್ ಮಿತಿ ಮೀರಿ ಹೊರಬಂದು ಸೀಲ್ ಹೋಗುತ್ತದೆ. ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಲೆಕ್ಕವೂ ಇದರ ಜೊತೆಗೆ: 15.87 ಮಿ.ಮೀ. ಬೋರಿನದು 30 ಮಿ.ಮೀ. ಸರಿದರೆ ಸುಮಾರು 5.9 ಘನ ಸೆಂ.ಮೀ. ಎಣ್ಣೆ ತಳ್ಳುತ್ತದೆ, 19.05ರದ್ದು 8.5. ಬೇರಿಂಗಿನ ಪಿಸ್ಟನ್ ವಿಸ್ತೀರ್ಣ 7 ಚದರ ಸೆಂ.ಮೀ. ಇದ್ದರೆ ಮೊದಲನೆಯದರಲ್ಲಿ 8.5 ಮಿ.ಮೀ. ಚಲನೆ, ಎರಡನೆಯದರಲ್ಲಿ 12. ಎಂಟೂವರೆ ಸಾಕೋ ಸಾಲದೋ ಎನ್ನುವ ಅಂಚಿನಲ್ಲಿದೆ, ಹನ್ನೆರಡಕ್ಕೆ ಪೆಡಲ್‌ಗೆ ತಡೆ ಕೊಡದಿದ್ದರೆ ಡಯಾಫ್ರಂ ಮಿತಿ ಮೀರಿ ಒತ್ತಿಸಿಕೊಳ್ಳುತ್ತದೆ. ದೊಡ್ಡದು ಹಾಕಿ ತಡೆ ಕೊಡುವುದೇ ನಮ್ಮ ಆಯ್ಕೆ.

ಸಿಡಿ009ರಲ್ಲಿ ಸ್ಪೀಡೋಮೀಟರ್ ಸೆನ್ಸರ್ ಇಲ್ಲ, 350ಝಡ್ ವೇಗವನ್ನು ಎಬಿಎಸ್‌ನಿಂದ ಓದುತ್ತದೆ. ಹಾಗಾಗಿ ಡಿಫ್ ಅಥವಾ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಬೇರೆ ಸೆನ್ಸರ್ ಕೂರಿಸಬೇಕು. ಗೇರ್ ಲಿವರ್ ಕೂಡ ಹಿಂದಕ್ಕೆ ಬರುತ್ತದೆ. ಟನಲ್ ಕತ್ತರಿಸುವ ಮುಂಚೆ ಖಾಲಿ ಬಾಕ್ಸ್ ಕೂರಿಸಿ, ಸೀಟಿನಲ್ಲಿ ಕೂತು, ಎರಡನೇ ಮತ್ತು ನಾಲ್ಕನೇ ಗೇರಿನಲ್ಲಿ ಮೊಣಕೈ ಎಲ್ಲಿ ಬರುತ್ತದೆ ನೋಡಿ. ಈ ಬಾಕ್ಸಿಗೆ ಗೇರ್ ಎಣ್ಣೆ ಜಿಎಲ್-4 ದರ್ಜೆಯ 75ಡಬ್ಲ್ಯು-85.

ಬಾಕ್ಸಿನಿಂದ ಡಿಫ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಅಳತೆ ಕೊಡುವುದು ಬಾಕ್ಸ್, ಕ್ರಾಸ್ ಮೆಂಬರ್ ಎರಡೂ ಪೂರ್ತಿ ಬಿಗಿದು, ಕಾರು ಚಕ್ರದ ಮೇಲೆ ನಿಂತ ಮೇಲೆ. ಸ್ಲಿಪ್ ಯೋಕ್ (ಬಾಕ್ಸಿನೊಳಗೆ ಜಾರುವ ಶಾಫ್ಟಿನ ತುದಿ) ಪೂರ್ತಿ ಒಳಗೆ ಹೋದ ಜಾಗದಿಂದ 20ರಿಂದ 25 ಮಿ.ಮೀ. ಹೊರಗಿರಲಿ. ಶಾಫ್ಟಿನ ಎರಡು ತುದಿಯ ಕ್ರಾಸ್‌ಗಳ (ಬಾಗುವ ಕೀಲುಗಳು) ಕೋನ 1ರಿಂದ 3 ಡಿಗ್ರಿಯೊಳಗೆ, ಒಂದಕ್ಕೊಂದು ಸಮ ಮತ್ತು ವಿರುದ್ಧವಾಗಿರಲಿ. ಇಲ್ಲದಿದ್ದರೆ ವೇಗ ಹೆಚ್ಚಿದಾಗ ನೆಲದಿಂದ ಬರುವ ನಡುಕಕ್ಕೆ ಜನ ಗೇರ್‌ಬಾಕ್ಸನ್ನೇ ಬೈಯುತ್ತಾರೆ.

ವೈರಿಂಗಿನಲ್ಲಿ ಒಂದೇ ಮಾತು: ಆಟೋಮ್ಯಾಟಿಕ್‌ನ ಪಾರ್ಕ್/ನ್ಯೂಟ್ರಲ್ ಸ್ವಿಚ್ಚಿನ ವೈರನ್ನು ನೇರ ಜೋಡಿಸಿದರೆ ಸ್ಟಾರ್ಟರ್ ತಿರುಗುತ್ತದೆ, ಆದರೆ ಗೇರಿನಲ್ಲಿದ್ದರೂ ತಿರುಗುತ್ತದೆ. ಅದನ್ನು ಕ್ಲಚ್ ಪೆಡಲಿನ ಸ್ವಿಚ್ ಮೂಲಕ ಹಾಯಿಸಿ.