ಆಕ್ರಿಲಿಕ್ ಐಸೋಲೇಶನ್ ಬಾಕ್ಸ್: ಜಗಳಗಂಟ ಮೀನುಗಳ ಟ್ಯಾಂಕಿಗೆ ಹೊಸ ಮೀನು ಬಿಡುವವರಿಗೆ

ಉಡುಪಿಯ ನಮ್ಮ ಮನೆಯಲ್ಲಿ ನಾಲ್ಕಡಿ ಟ್ಯಾಂಕ್ ಉಂಟು. ಒಳಗೆಲ್ಲ ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಎಂಬ ಜಗಳಗಂಟ ಮೀನುಗಳು. ಅದರಲ್ಲಿ ಒಂದು ಆರಾಟಸ್ ಜಾತಿಯ ಗಂಡು. ಮರಿಯಾಗಿದ್ದಾಗ ಹಳದಿ ಮೈ, ಕಪ್ಪು ಪಟ್ಟೆ, ಎಷ್ಟು ಚಂದ ಅಂತ ತಂದದ್ದು, ಬೆಳೆದು ಮೈ ಕಪ್ಪಾದ ಮೇಲೆ ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಹೋದ ವರ್ಷ ಯೆಲ್ಲೋ ಲ್ಯಾಬ್ ಅನ್ನುವ ಹಳದಿ ಸಿಕ್ಲಿಡ್ ಎರಡು ತಂದು ಸೀದಾ ಬಿಟ್ಟೆ. ಬೆಳಿಗ್ಗೆ ಒಂದರ ಬಾಲ ಹರಿದಿತ್ತು, ಇನ್ನೊಂದು ಫಿಲ್ಟರ್ ಹಿಂದೆ ಸತ್ತು ಬಿದ್ದಿತ್ತು. ತುಂಬಾ ಬೇಜಾರಾಯಿತು.

ಈ ಸಲ 650 ರೂಪಾಯಿ ಕೊಟ್ಟು ಈ ಬಾಕ್ಸ್ ತಂದೆ. ಹೊಸ ಮೀನನ್ನು ಟ್ಯಾಂಕಿನೊಳಗೇ ಬೇರೆಯಾಗಿ ಇಡುವ, ತೂತುಗಳಿರುವ ಪಾರದರ್ಶಕ ಡಬ್ಬಿ ಇದು. ಒಂದಡಿ ಉದ್ದ, ಸುಮಾರು ಆರು ಲೀಟರ್ ನೀರು ಹಿಡಿಯುತ್ತದೆ. ಟ್ಯಾಂಕಿನ ಒಳಗಡೆ ಗಾಜಿಗೆ ರಬ್ಬರ್ ಕಪ್‌ನಲ್ಲಿ ಅಂಟಿಸಬೇಕು. ನಾಲ್ಕು ಲ್ಯಾಬ್‌ಗಳನ್ನು ಅದರಲ್ಲಿ ಬಿಟ್ಟೆ. ಮೊದಲ ದಿನ ಆರಾಟಸ್ ಬಾಕ್ಸಿಗೆ ಡಿಕ್ಕಿ ಹೊಡೆದದ್ದೇ ಹೊಡೆದದ್ದು, ನೋಡುವಾಗ ನನಗೇ ಎದೆ ಡವಗುಟ್ಟುತ್ತಿತ್ತು, ಆದರೆ ನಾಲ್ಕನೇ ದಿನಕ್ಕೆ ಅದು ಅತ್ತ ತಿರುಗಿಯೂ ನೋಡಲಿಲ್ಲ. ಹೊಸ ಮೀನುಗಳೂ ಹೆದರದೆ ತಿನ್ನಲು ಶುರು ಮಾಡಿದವು.

ಇನ್ನೊಂದು ಉಪಯೋಗ ನಾನು ಎಣಿಸಿರಲಿಲ್ಲ. ನಮ್ಮ ಮುರಕಲ್ಲು ನೆಲದ ಬಾವಿ ನೀರು ಮೆದು (ಸುಣ್ಣದ ಅಂಶ ಕಡಿಮೆ), ಪಿಎಚ್ ಅಂದರೆ ಹುಳಿ-ಕ್ಷಾರದ ಅಳತೆ 7ಕ್ಕಿಂತ ಕೆಳಗೆ. ಮಲಾವಿ ಮೀನಿಗೆ 7.8ರಿಂದ 8.6 ಬೇಕು, ಪಿಎಚ್ ಏರಿಸಲು ನಾನು ಮರುವಾಯಿ ಚಿಪ್ಪು ಕುದಿಸಿ ತೊಳೆದು ಫಿಲ್ಟರಿನಲ್ಲಿ ಹಾಕುತ್ತೇನೆ. ಬೇರೆ ನೀರಿನಿಂದ ಬಂದ ಮೀನು ಇದಕ್ಕೆ ಒಗ್ಗುವಾಗ ಸುಸ್ತಾಗಿರುತ್ತದೆ, ಅದೇ ಹೊತ್ತಿಗೆ ಕಚ್ಚಿಸಿಕೊಂಡರೆ ಉಳಿಯುವುದು ಕಷ್ಟ ಅಲ್ವಾ? ಬಾಕ್ಸಿನಲ್ಲಿ ಆರಾಮಾಗಿ ಸುಧಾರಿಸಿಕೊಂಡವು.

ಆದರೆ ಬಾಕ್ಸ್ ಒಂದೇ ಸಾಕು ಅಂದುಕೊಳ್ಳಬೇಡಿ. ಏಳನೇ ದಿನ ಸಂಜೆ ಕಲ್ಲುಗಳನ್ನೆಲ್ಲ ಜಾಗ ಬದಲಿಸಿದೆ. ಹಳಬರಿಗೆ ತಮ್ಮ ಗಡಿ ಯಾವುದು ಅಂತಲೇ ಗೊತ್ತಾಗಬಾರದು. ಅವಕ್ಕೆ ಹೊಟ್ಟೆ ತುಂಬ ಹಾಕಿ, ಲೈಟ್ ಆರಿಸಿ, ಆಮೇಲೆ ನಾಲ್ಕನ್ನೂ ಒಟ್ಟಿಗೆ ಬಿಟ್ಟೆ. ಒಂದೇ ಬಿಟ್ಟರೆ ಎಲ್ಲ ಪೆಟ್ಟೂ ಅದಕ್ಕೇ. ಮತ್ತೆ, ಬಾಕ್ಸಿನ ನೀರೂ ಟ್ಯಾಂಕಿನ ನೀರೂ ಒಂದೇ, ಹಾಗಾಗಿ ಹೊಸ ಮೀನಿನಿಂದ ಹರಡುವ ಬಿಳಿ ಚುಕ್ಕಿ ರೋಗವನ್ನು ಇದು ತಡೆಯುವುದಿಲ್ಲ. ನಾನು ಮೊದಲು ಮೂರು ವಾರ ಬೇರೆ ಟಬ್‌ನಲ್ಲಿ ಇಟ್ಟು ನೋಡಿದ್ದೆ.

ಇನ್ನು ದೂರುಗಳು. ರಬ್ಬರ್ ಕಪ್ ಏನೇನೂ ಸಾಲದು. ಐದನೇ ದಿನ ರಾತ್ರಿ ಒಂದು ಬದಿ ಜಾರಿ ಬಾಕ್ಸ್ ವಾಲಿತ್ತು, ನಾನು ನೀರು ಕುಡಿಯಲು ಎದ್ದದ್ದರಿಂದ ಮೀನುಗಳು ಉಳಿದವು. ಬೇರೆ ಗಟ್ಟಿ ಕಪ್ ತಂದು ಹಾಕಿದೆ. ತೂತುಗಳೂ ಕಡಿಮೆ, ನೀರು ಸರಿಯಾಗಿ ಓಡಾಡುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪಿನ ಗಾಳಿ ಗುಳ್ಳೆ ಬಿಡುವ ಕಲ್ಲನ್ನು ಬಾಕ್ಸಿನ ಒಳಗೇ ಇಳಿಸಬೇಕಾಯಿತು.

ಈಗ ಒಂದು ತಿಂಗಳಾಯಿತು, ನಾಲ್ಕೂ ಲ್ಯಾಬ್‌ಗಳು ಚೆನ್ನಾಗಿವೆ. ಐದರಲ್ಲಿ ನಾಲ್ಕು ಕೊಡುತ್ತೇನೆ. ತಗೊಳ್ಳುವುದಾದರೆ ಕಪ್‌ಗಳನ್ನು ಅವತ್ತೇ ಬದಲಿಸಿ.